ಸೆಂಟ್ರಿಂಗ್ ಹಲಗೆಯ ಮೇಲೆ ನನ್ನ ಮುಖ

ಬಾಯಿ ಮುಕ್ಕಳಿಸಿದ ನೀರು ನಾನು ಉಗುಳುವ ಮೊದಲೇ ಎಡಗಡೆಯಿಂದ ತಾನಾಗಿ ಸೋರಿ ಎದೆಯ ಮೇಲೆ ಬಿತ್ತು. ನಿದ್ದೆಗಣ್ಣಿರಬೇಕು ಅಂದುಕೊಂಡು ಇನ್ನೊಂದು ಸಲ ಮುಕ್ಕಳಿಸಿದೆ. ಮತ್ತೆ ಹಾಗೇ ಆಯಿತು. ಮೂವತ್ತಮೂರು ವರ್ಷದವಳಿಗೆ ಬಾಯಿ ತೊಳೆಯಲು ಬರುವುದಿಲ್ಲವೇ ಎಂದು ನನ್ನನ್ನು ನಾನೇ ಬೈದುಕೊಂಡು ಒಳಗೆ ಬಂದು ಕನ್ನಡಿ ನೋಡಿದೆ. ಬಲಗಡೆ ನಾನಿದ್ದೆ. ಎಡಗಡೆ ಬೇರೆ ಯಾರೋ ಇದ್ದರು. ಹುಬ್ಬು ಇಳಿದಿತ್ತು, ಕಣ್ಣು ಅಗಲವಾಗಿ ತೆರೆದು ನಿಂತಿತ್ತು, ತುಟಿಯ ತುದಿ ಗದ್ದದ ಕಡೆ ಜಾರಿತ್ತು. ಪರೀಕ್ಷೆ ಮಾಡೋಣವೆಂದು ನಕ್ಕೆ. ಅರ್ಧ ಮುಖ ನಕ್ಕಿತು, ಇನ್ನರ್ಧ ಸುಮ್ಮನೆ ನೋಡುತ್ತಿತ್ತು. ಆಗ ನಾನು ಕಿರುಚಿದ್ದೂ ಅರ್ಧ ಬಾಯಿಂದಲೇ.

ನಾನು ಸವಣೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮನೆ ಹತ್ತಿಮತ್ತೂರಿನಲ್ಲಿ, ಅಪ್ಪ ಅವ್ವನ ಜೊತೆ. ಮದುವೆಯಾಗಿಲ್ಲ, ಅದರ ಬಗ್ಗೆ ನನಗಿಂತ ಓಣಿಯವರಿಗೇ ಹೆಚ್ಚು ಚಿಂತೆ. ಒಂಬತ್ತು ವರ್ಷಗಳಿಂದ ಎಂಟನೇ ತರಗತಿಗೆ ಮುಖ ಬರೆಯುವ ಪಾಠವನ್ನು ಒಂದೇ ರೀತಿ ಮಾಡುತ್ತ ಬಂದಿದ್ದೆ. ಮೊದಲು ಒಂದು ಮೊಟ್ಟೆ ಬರೆಯಿರಿ, ಮೊಟ್ಟೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ, ಗೆರೆಯ ಈಚೆ ಏನಿದೆಯೋ ಆಚೆಯೂ ಅದೇ ಇರಬೇಕು. ಹಾಗಿಲ್ಲದ ಮುಖಗಳಿಗೆ ಕೆಂಪು ಪೆನ್ನಿನಲ್ಲಿ ತಪ್ಪು ಹಾಕುತ್ತಿದ್ದೆ. ಎಷ್ಟು ಮಕ್ಕಳ ಮುಖ ತಿದ್ದಿದ್ದೇನೋ ಲೆಕ್ಕವಿಲ್ಲ.

ಅಪ್ಪ ಗೌಂಡಿ. ಸುತ್ತಲಿನ ಊರುಗಳಲ್ಲಿ ಮನೆ ಕಟ್ಟುತ್ತಾನೆ. ನಮ್ಮದು ಬೌದ್ಧರ ಮನೆ, ಅಜ್ಜನ ಕಾಲದಿಂದ ಪಡಸಾಲೆಯಲ್ಲಿ ಇರುವುದು ಬುದ್ಧನ ಪಟವೊಂದೇ. ಅಪ್ಪ ತಾನು ಕಟ್ಟುವ ಯಾವ ಮನೆಗೂ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದವನಲ್ಲ, ದೃಷ್ಟಿಗೊಂಬೆ ತೂಗುಹಾಕಿದವನೂ ಅಲ್ಲ. ಬೇಕಿದ್ದರೆ ಮನೆಯ ಯಜಮಾನರು ಹಾಕಿಕೊಳ್ಳಬಹುದು, ಅವನು ಕೈ ಹಚ್ಚುವುದಿಲ್ಲ. ಅವ್ವನ ಕಥೆ ಬೇರೆ. ಅವಳು ಬುದ್ಧನಿಗೆ ಕೈಯನ್ನೂ ಮುಗಿಯುತ್ತಾಳೆ, ದೃಷ್ಟಿಗೂ ಹೆದರುತ್ತಾಳೆ. ಎರಡಕ್ಕೂ ಜಗಳವಿಲ್ಲ ಎಂಬುದು ಅವಳ ವಾದ.

ಸವಣೂರಿನ ಆಸ್ಪತ್ರೆಗೆ ಅಪ್ಪ ಬೈಕಿನ ಮೇಲೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಮುಚ್ಚದ ಕಣ್ಣಿಗೆ ಧೂಳು ಬಡಿಯುತ್ತಿತ್ತು, ಅಂಗೈ ಅಡ್ಡ ಹಿಡಿದು ಕುಳಿತಿದ್ದೆ. ಡಾಕ್ಟರು ನನ್ನ ಎರಡೂ ಕೈ ಎತ್ತಿಸಿದರು, ನಡೆಸಿದರು, ಹುಬ್ಬು ಏರಿಸಲು ಹೇಳಿದರು. ಒಂದೇ ಹುಬ್ಬು ಏರಿತು.

"ಲಕ್ವಾ ಹೊಡದೈತೇನ್ರಿ ಸಾಹೇಬ್ರ?" ಎಂದ ಅಪ್ಪ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಹಂಗಲ್ರಿ. ಕೈಕಾಲು ಸರಿ ಅದಾವು. ಮುಖದ ನರಕ್ಕ ಬಾವು ಬಂದಂಗ ಕಾಣತೈತಿ. ಗುಳಿಗಿ ಚಾಲೂ ಮಾಡೂಣು. ಆದ್ರ ಒಮ್ಮೆ ಹುಬ್ಬಳ್ಳಿಗೆ ಹೋಗಿ ಖಾತ್ರಿ ಮಾಡ್ಕೊಳ್ರಿ."

ಮರುದಿನ ಯಲವಿಗಿಗೆ ಹೋಗಿ ರೈಲು ಹತ್ತಿದೆವು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಇಡೀ ಮುಂಜಾನೆ ಕಾದೆವು. ಅಪ್ಪ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದ. ನನ್ನ ಪಕ್ಕದ ಬೆಂಚಿನಲ್ಲಿ ಹಿರೇಕೆರೂರಿನ ಕಡೆಯ ಒಬ್ಬ ಮುದುಕಿ ಕುಳಿತಿದ್ದಳು, ಎಡಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ನನ್ನನ್ನು ಚೆನ್ನಾಗಿ ನೋಡಿದಳು. ಅಲ್ಲಿದ್ದವರೆಲ್ಲ ಕದ್ದು ನೋಡುತ್ತಿದ್ದರೆ ಅವಳು ಮಾತ್ರ ಎದುರಿಗೇ ನೋಡಿದಳು.

"ನಿಂದೂ ಎಡಗಡೇನ ಏನವ್ವಾ? ನಂದೂ ಎಡಗಡೇನ. ಬಲಗೈ ಆಗಿದ್ರ ರೊಟ್ಟಿ ಬಡಿಯೂದು ನಿಲ್ತಿತ್ತು ನೋಡು" ಎಂದು, ಕೇಳದೆ ಹೇಳದೆ ತನ್ನ ಸೆರಗಿನ ತುದಿಯಿಂದ ನನ್ನ ಗದ್ದ ಒರೆಸಿದಳು. ಗದ್ದದ ಮೇಲೆ ಜೊಲ್ಲು ಇಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು, ಆದರೂ ಅವಳ ಕೈ ಹಿಡಿದುಕೊಂಡೆ. ಹೆಸರೂ ಕೇಳಲಿಲ್ಲ. ಆ ಸೆರಗಿಗೆ ಎಣ್ಣೆಯ ವಾಸನೆಯಿತ್ತು ಎಂಬುದಷ್ಟೇ ನೆನಪಿದೆ.

ಅಲ್ಲಿಯ ಡಾಕ್ಟರೂ ಅದನ್ನೇ ಹೇಳಿದರು. ಮೆದುಳಿಗೆ ಏನೂ ಆಗಿಲ್ಲ, ಇದು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಸರಿಯಾಗುತ್ತದೆ, ಕೆಲವರಿಗೆ ತಡವಾಗುತ್ತದೆ. ಯಾಕೆ ಬಂತು ಎಂದು ಕೇಳಿದರೆ ಅವರು ಭುಜ ಏರಿಸಿದರು. ನನಗೆ ಸಿಟ್ಟು ಬಂದದ್ದು ಅದಕ್ಕೆ. ತಪ್ಪು ಮಾಡಿ ಬಂದಿದ್ದರೆ ಮನಸ್ಸಿಗೊಂದು ಸಮಾಧಾನವಾದರೂ ಇರುತ್ತಿತ್ತು. ವಾರಗಳು ಕಳೆದವು. ನಾನು ಆ ಕೆಲವರಲ್ಲಿ ಸೇರಿದೆ.

ಊರಿಗೆ ಮಾತ್ರ ಕಾರಣ ಗೊತ್ತಿತ್ತು. ಗಾಳಿ ಬಡಿದಿದೆ, ಸಂಜೆ ಹುಣಸೆಮರದ ಕೆಳಗೆ ಹೋಗಿದ್ದಳು ಎಂದು ತೀರ್ಮಾನವಾಯಿತು. ಹಾನಗಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಪಾರಿವಾಳದ ರಕ್ತ ಹಚ್ಚಿ ಗುಣ ಮಾಡುವವರಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಅವ್ವ ಬಸ್ಸಿನ ವೇಳೆಯನ್ನೂ ಕೇಳಿಕೊಂಡು ಬಂದಳು.

"ಪಾರಿವಾಳ ಏನ್ ಪಾಪ ಮಾಡೈತಿ? ಸುಮ್ಮ ಕುಂದರು" ಎಂದ ಅಪ್ಪ.

"ನಿಮಗ ಪಾರಿವಾಳದ ಚಿಂತಿ. ನನಗ ಮಗಳ ಚಿಂತಿ" ಎಂದು ಅವ್ವ ಅತ್ತಳು. ನಾನು ಹೋಗಲಿಲ್ಲ. ಆದರೆ ಆ ರಾತ್ರಿ ಮಲಗುವ ಮುಂಚೆ, ಹೋಗಿದ್ದರೆ ಏನಾಗುತ್ತಿತ್ತು ಎಂದು ಅನಿಸಿದ್ದು ಸುಳ್ಳಲ್ಲ. ಓದಿದವಳು ನಾನು, ನನಗೇ ಹಾಗನಿಸಿದ್ದು ಕಂಡು ಬೆಚ್ಚಿದೆ.

ಬೇಸಿಗೆ ರಜೆ ಮುಗಿದ ಮೇಲೆ ಒಂದು ದಿನ ಧೈರ್ಯ ಮಾಡಿ ಶಾಲೆಗೆ ಹೋದೆ. "ಪೆನ್ಸಿಲ್ ತಗೊಳ್ರಿ" ಎನ್ನಲು ಹೊರಟರೆ ತುಟಿ ಕೂಡಲಿಲ್ಲ, ಮಾತಿನ ಬದಲು ಬರೀ ಗಾಳಿ ಹೊರಬಿತ್ತು. ನಲವತ್ತು ಮಕ್ಕಳು ತುಟಿ ಪಿಟಕ್ಕೆನ್ನದೆ ಕುಳಿತಿದ್ದರು. ನಕ್ಕಿದ್ದರೆ ಬೈಯಬಹುದಿತ್ತು. ಅವು ನಗಲೂ ಇಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು ತುಂಬಿತ್ತು. ಅರ್ಧ ತಾಸೂ ನಿಲ್ಲದೆ ಹೊರಗೆ ಬಂದು ರಜೆ ಬರೆದುಕೊಟ್ಟೆ. ಹೆಡ್‌ಮಾಸ್ತರರು ಒಳ್ಳೆಯವರು. ದಸರಾ ರಜೆ ಮುಗಿಯುವುದರೊಳಗೆ ಬರುವುದೋ ಇಲ್ಲವೋ ಹೇಳಿ, ಆಮೇಲೆ ಬೇರೆಯವರನ್ನು ನೋಡದೆ ಗತಿಯಿಲ್ಲ ಎಂದರು. ಬರುವುದಿಲ್ಲ ಎಂದು ನಾನು ಆಗಲೇ ಮನಸ್ಸಿನಲ್ಲಿ ಹೇಳಿಯಾಗಿತ್ತು.

ಅವತ್ತಿನಿಂದ ವೇಲು ಕಟ್ಟಿಕೊಳ್ಳತೊಡಗಿದೆ. ಸ್ಕೂಟಿ ಓಡಿಸುವವರು ಬಿಸಿಲಿಗೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಮೂಗಿನಿಂದ ಕೆಳಗೆ ಪೂರ್ತಿ. ಮೇಲೆ ಕಪ್ಪು ಕನ್ನಡಕ. ಮನೆಯಲ್ಲೂ ತೆಗೆಯುತ್ತಿರಲಿಲ್ಲ. ಉಣ್ಣುವಾಗ ಸಾರು ಸೋರುತ್ತಿತ್ತು, ಅನ್ನ ಕೆನ್ನೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು, ಬೆರಳು ಹಾಕಿ ತೆಗೆಯಬೇಕಿತ್ತು. ಹಾಗಾಗಿ ತಾಟು ಹಿಡಿದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಅಪ್ಪ ಅವ್ವ ಏನೂ ಅನ್ನಲಿಲ್ಲ. ಅವರಿಗೂ ನೋಡುವುದು ಬೇಡವಾಗಿದೆ ಎಂದೇ ನಾನು ತಿಳಿದೆ.

ಶಿಗ್ಗಾವಿಯಲ್ಲಿ ವ್ಯಾಯಾಮ ಹೇಳಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಳು. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ದಿನಕ್ಕೆ ಮೂರು ಸಲ ಕನ್ನಡಿಯ ಮುಂದೆ ಕುಳಿತು ಹುಬ್ಬು ಏರಿಸು, ಸಿಳ್ಳೆ ಹಾಕು, ಆ ಈ ಊ ಅನ್ನು ಎಂದಳು. ಕನ್ನಡಿ ನೋಡಲು ನನ್ನಿಂದಾಗದು ಎಂದೆ.

"ಮತ್ತ ಬರೀರಲ್ಲ ಟೀಚರ. ಡ್ರಾಯಿಂಗ್ ಬರತೈತಲ್ಲ ನಿಮಗ. ಬರೀಬೇಕಂದ್ರ ನೋಡಬೇಕಾಕ್ಕೈತಿ" ಎಂದಳು ಅವಳು, ನಗುತ್ತ.

ಅವಳ ಮೇಲಿನ ಸಿಟ್ಟಿಗೇ ಬರೆಯಲು ಕುಳಿತೆ. ಹಾಳೆ ಸಣ್ಣದೆನಿಸಿತು. ಅಪ್ಪನನ್ನು ಕೇಳಿದಾಗ ಸೆಂಟ್ರಿಂಗಿನ ಹಳೆಯ ಪ್ಲೈವುಡ್ ತುಂಡು ತಂದುಕೊಟ್ಟ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟಿನ ಅಡಿಗೆ ಹಾಸುವ ಹಲಗೆ ಅದು, ಒಂದು ಮೈಗೆ ಸಿಮೆಂಟು ಹತ್ತಿರುತ್ತದೆ. ಜೊತೆಗೆ ಉಳಿದ ಪೇಂಟು, ಕೆಂಪು ಆಕ್ಸೈಡಿನ ಪುಡಿ. ಒಂಬತ್ತು ವರ್ಷ ಶಾಲೆಯ ಗೋಡೆಗೆ ನವಿಲು, ಕಮಲ, ಸೂರ್ಯೋದಯ ಬರೆದವಳು ನಾನು. ಇದೂ ಒಂದು ಮುಖ ತಾನೆ ಎಂದುಕೊಂಡು ಕುಂಚ ಹಿಡಿದೆ. ಸಂಜೆಗೆ ಹಲಗೆಯ ಮೇಲೆ ಬಂದದ್ದು ನೋಡಿ ಕುಂಚ ಕೆಳಗಿಟ್ಟು ಹಿಂದೆ ಸರಿದೆ. ಮುಖದ ಬಲಗಡೆ ಗಿಲಾವು ಮಾಡಿದ ನುಣುಪು ಗೋಡೆ. ಎಡಗಡೆ ಗಿಲಾವು ಕಳಚಿ ಇಟ್ಟಿಗೆ ಕಾಣುತ್ತಿತ್ತು, ಇಟ್ಟಿಗೆಯ ಸಂದಿನಿಂದ ಹಲ್ಲು ಮೂಡಿದ್ದವು. ಇದನ್ನು ನಾನೇ ಬರೆದೆನೇ? ಇಂಥದ್ದು ನನ್ನೊಳಗೆ ಎಲ್ಲಿ ಇತ್ತು?

ಆಮೇಲೆ ನಿಲ್ಲಿಸಲಾಗಲಿಲ್ಲ. ಎರಡನೆಯದರಲ್ಲಿ ಎಡಗಣ್ಣು ಅಗಳಿಯಿಲ್ಲದ ಬಾಗಿಲಾಯಿತು, ಅದರೊಳಗೆ ಸಣ್ಣ ಸಣ್ಣ ನಾನುಗಳು ಆಸ್ಪತ್ರೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದವು. ಮೂರನೆಯದರಲ್ಲಿ ನಾನು ಡಸ್ಟರಿನಿಂದ ಶಾಲೆಯ ಕರಿಹಲಗೆ ಒರೆಸುತ್ತಿದ್ದೆ, ಅಳಿಸಿ ಹೋಗುತ್ತಿದ್ದದ್ದು ನಾನೇ. ಬೆಂಚಿನ ತುಂಬ ನಡುವೆ ಗೆರೆಯಿರುವ ಮೊಟ್ಟೆಗಳು ಕುಳಿತು ನೋಡುತ್ತಿದ್ದವು. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದು. ಇಳಿದ ಎಡಗೆನ್ನೆಯೊಳಗಿಂದ ಇನ್ನೊಂದು ಮುಖ ಹೊರಗೆ ಬರುತ್ತಿತ್ತು, ಹುಟ್ಟುವ ಕೂಸಿನ ತಲೆ ಬರುವ ರೀತಿ, ಕಣ್ಣು ತೆರೆದುಕೊಂಡು. ಅದು ಹೊಸ ನಾನೋ ನನ್ನನ್ನು ತಿನ್ನಲು ಬಂದದ್ದೋ ಬರೆಯುವಾಗಲೂ ತಿಳಿಯಲಿಲ್ಲ, ಬರೆದ ಮೇಲೂ ತಿಳಿಯಲಿಲ್ಲ. ಬದಲಾಗುತ್ತಿದ್ದೇನೋ ಹಾಳಾಗುತ್ತಿದ್ದೇನೋ ಎಂಬ ಆ ಒಂದು ಸಂಶಯ ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ಉಳಿದಿರಲಿಲ್ಲ.

"ಮನ್ಯಾಗ ಇಂಥಾವು ಇಟ್ಕೋಬಾರದವ್ವಾ. ಬ್ಯಾನಿ ಹೋಗಂದ್ರೂ ಹೋಗಂಗಿಲ್ಲ" ಎಂದು ಅವ್ವ ಹಲಗೆಗಳನ್ನೆಲ್ಲ ಹಿತ್ತಲಿಗೆ ಒಯ್ದು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಮನೆಯಲ್ಲಿ ನನ್ನ ಹಾಗೆಯೇ ಅವೂ ಗೋಡೆ ನೋಡುತ್ತ ಕುಳಿತವು. ಅಪ್ಪ ಮಾತ್ರ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದ. ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎನ್ನಲಿಲ್ಲ. ಮರುದಿನ ಇನ್ನೊಂದು ಹಲಗೆ ತರುತ್ತಿದ್ದ. ಇವನೊಬ್ಬನಾದರೂ ನನ್ನನ್ನು ನೋಡಿ ಹೆದರಿಲ್ಲ ಎಂಬ ನಂಬಿಕೆಯಲ್ಲಿ ನಾನು ದಿನ ದೂಡುತ್ತಿದ್ದೆ.

ದಸರಾ ಹತ್ತಿರ ಬಂದಿತ್ತು. ವ್ಯಾಯಾಮಕ್ಕೆಂದು ಶಿಗ್ಗಾವಿಯ ಬಸ್ಸಿನಲ್ಲಿ ಕಿಟಕಿಗೆ ಕುಳಿತಿದ್ದೆ. ಊರು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಬದಿಗೆ ಕಟ್ಟುತ್ತಿದ್ದ ಒಂದು ಮನೆ ಕಂಡಿತು. ಅದರ ಮೇಲುಮಹಡಿಯಿಂದ ನಾನು ನನ್ನನ್ನೇ ನೋಡುತ್ತಿದ್ದೆ.

ನಾಲ್ಕನೆಯ ಹಲಗೆ. ಕರಿದಾರದಲ್ಲಿ ಕಟ್ಟಿ ತೂಗುಹಾಕಿದ್ದರು. ಅದರ ಒಂದು ಪಕ್ಕಕ್ಕೆ ಬೂದುಗುಂಬಳಕಾಯಿ, ಇನ್ನೊಂದು ಪಕ್ಕಕ್ಕೆ ಹರಿದ ಚಪ್ಪಲಿ. ನನ್ನ ಮುಖವನ್ನು ದೃಷ್ಟಿಗೊಂಬೆ ಮಾಡಿದ್ದರು.

ಬಸ್ಸು ಮುಂದೆ ಹೋಗಿಬಿಟ್ಟಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ನಡೆದೆ. ಹತ್ತಿರ ಬಂದಾಗ ಅದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಆ ಹಲಗೆಯ ಕೆಳಗೆ ಅಟ್ಟಣಿಗೆಯ ಮೇಲೆ ನಿಂತು ಗೋಡೆಗೆ ಗಿಲಾವು ಮಾಡುತ್ತಿದ್ದವನು ನನ್ನ ಅಪ್ಪ. ಒಂದು ನಿಂಬೆಹಣ್ಣೂ ಕಟ್ಟದ ಅಪ್ಪ.

ಮನೆಯ ಯಜಮಾನಿ ಮಹಾದೇವಕ್ಕ ಇಟ್ಟಿಗೆಗೆ ನೀರು ಹೊಡೆಯುತ್ತಿದ್ದವರು ನನ್ನನ್ನು ಕಂಡು ಪೈಪು ಬಿಟ್ಟು ಬಂದರು. ಮೊದಲು ಒಮ್ಮೆ, ಕಾಯಿಲೆ ಬರುವುದಕ್ಕೆ ಮುಂಚೆ, ಅಪ್ಪನ ಜೊತೆ ನನ್ನನ್ನು ನೋಡಿದ್ದರು, ಮುಖ ಮುಚ್ಚಿದ್ದರೂ ನಿಲುವಿನಿಂದ ಗುರುತು ಹಿಡಿದಿರಬೇಕು.

"ಗೌಂಡಿಯವರ ಮಗಳಲ್ಲೇನ್ರಿ? ಬರ್ರಿ ಟೀಚರ, ಬರ್ರಿ. ಬಿಸಲಾಗ ಬಂದೀರಿ" ಎಂದು, ನಾನು ಮೇಲೆ ನೋಡುತ್ತಿದ್ದದ್ದನ್ನು ಗಮನಿಸಿ ಖುಷಿಯಾದರು. "ಹೆಂಗೈತ್ರಿ ಗೊಂಬಿ? ಮೊನ್ನೆ ನಿಮ್ಮ ಮನಿಗೆ ಹೋಗಿದ್ದೆ, ಗೌಂಡಿಯವರು ಇರಲಿಲ್ಲ. ಹಿತ್ತಲದಾಗ ಇದನ್ನ ಕಂಡೆ. ಕೊಡ್ತೀರೇನ್ರಿ ಅಂದ್ರ ನಿಮ್ಮವ್ವಾರು ಒಯ್ರಿ ಅಂದ್ರು. ಪ್ಯಾಟ್ಯಾಗಿನ ಗೊಂಬಿ ಎಲ್ಲಾ ಒಂದ ನಮೂನಿ ಇರ್ತಾವ್ರಿ, ಕ್ವಾರಿ ಮೀಸಿ, ಕೆಂಪ ನಾಲಿಗಿ. ಇಂಥಾದ್ದು ಎಲ್ಲೂ ಸಿಗಂಗಿಲ್ಲ. ಯಾರು ಮಾಡ್ಯಾರ್ರಿ ಇದನ್ನ?"

ನನ್ನ ಮುಖದ ವಿಕಾರವನ್ನು ನನ್ನೆದುರಿಗೇ ಹೊಗಳುತ್ತಿದ್ದರು.

"ನೋಡಿದ್ರ ಹೆದರಿಕಿ ಬರತೈತೇನ್ರಿ?" ಎಂದೆ.

"ಹೆದರಿಕಿ ಅಂತಲ್ರಿ. ಹೊಂಟವರು ಗಕ್ಕನ ನಿಂತು ಒಂದ್ ಗಳಿಗಿ ನೋಡ್ತಾರ. ಆಮ್ಯಾಲ ತಮ್ಮ ದಾರಿ ಹಿಡದು ಹೊಕ್ಕಾರ. ಅಷ್ಟಾದ್ರ ಸಾಕಲ್ರಿ ಮನಿಗೆ."

ಯಾಕೆ ಹಾಗೆ ಮಾಡಿದೆನೋ ಈಗಲೂ ಹೇಳಲಾರೆ. ಸಿಟ್ಟೇ ಇರಬೇಕು. ಕನ್ನಡಕ ತೆಗೆದೆ. ವೇಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡೆ. ನಾಲ್ಕು ತಿಂಗಳಾದ ಮೇಲೆ ಬಿಸಿಲು ಗದ್ದಕ್ಕೆ ತಾಗಿತು.

ಮಹಾದೇವಕ್ಕ ನನ್ನನ್ನು ನೋಡಿದರು. ಮೇಲೆ ನೋಡಿದರು. ಮತ್ತೆ ನನ್ನನ್ನು ನೋಡಿದರು. ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಯವ್ವಾ ನನ್ನವ್ವಾ, ನಾ ಏನ್ ಅಂದುಬಿಟ್ಟೆ" ಎಂದು ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಕುಸಿದು ಕುಳಿತರು. ಅವರಿಗೆ ನನಗಿಂತ ಹೆಚ್ಚು ಗಾಬರಿಯಾಗಿತ್ತು. ಪೈಪಿನ ನೀರು ಯಾರ ಗಮನಕ್ಕೂ ಬಾರದೆ ಹರಿಯುತ್ತಿತ್ತು.

ಅಪ್ಪ ಅಟ್ಟಣಿಗೆಯಿಂದ ಇಳಿದು ಬಂದ. ಮೊಣಕೈವರೆಗೆ ಸಿಮೆಂಟು.

"ನೀನೂ ಏನಪ್ಪಾ? ನಿಂಬಿಹಣ್ಣ ಕಟ್ಟದಂವ ಮಗಳ ಮಾರಿ ಕಟ್ಟಿದಿ?" ಎಂದೆ. ಮಾತು ತೊದಲಿತು, ಜೊಲ್ಲು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಾ ಕಟ್ಟಿಲ್ಲ ಯವ್ವಾ. ನಿನ್ನೆ ಮುಂಜಾನೆ ಕೆಲಸಕ್ಕ ಬಂದಾಗ ಕಟ್ಟಿತ್ತು. ಬಿಚ್ಚಬೇಕಂತ ನಿಚ್ಚಣಿಕಿ ಹತ್ತಿದೆ."

"ಮತ್ತ ಯಾಕ ಬಿಚ್ಚಲಿಲ್ಲ?"

ಅಪ್ಪ ಕೈಗೆ ಹತ್ತಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ನಿಂತ.

"ನೀ ನನಗ ಮಾರಿ ತೋರಿಸಿ ಎಷ್ಟ್ ದಿನ ಆತು?" ಎಂದ. "ಮನ್ಯಾಗ ಅರಬಿ ಸುತಗೊಂಡಿರ್ತಿ. ಉಣ್ಣಾಕ ಕುಂತ್ರ ಗ್ವಾಡಿ ಕಡೆ ತಿರುಗತಿ. ನಾಕು ತಿಂಗಳು ನಿನ್ನ ಬೆನ್ನ ನೋಡ್ಕೋತ ಉಂಡೇನಿ. ಇಲ್ಲೆ ಮ್ಯಾಲ ಹತ್ತಿದ್ರ ನೀ ಕಣ್ಣ ತೆರಕೊಂಡು ನನ್ನ ಕಡೆ ನೋಡಾಕತ್ತಿದ್ದಿ. ಹೆಂಗ ಬಿಚ್ಚಲಿ?"

ಅವರಿಗೆ ನೋಡುವುದು ಬೇಡವಾಗಿದೆ ಎಂದು ನಾನು ತಿಳಿದಿದ್ದೆ. ತೋರಿಸದೆ ಇದ್ದದ್ದು ನಾನು. ನಾನೂ ಮಹಾದೇವಕ್ಕನ ಪಕ್ಕದಲ್ಲೇ ಇಟ್ಟಿಗೆಯ ಮೇಲೆ ಕುಳಿತೆ.

ಮುಂದಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಹಲಗೆಯನ್ನು ಇಳಿಸಲು ನಾನೇ ಬೇಡ ಎಂದೆ. ಕುಂಬಳಕಾಯಿ ಇರಲಿ, ಆ ಚಪ್ಪಲಿ ಮಾತ್ರ ತೆಗೆಯಿರಿ ಎಂದೆ, ತೆಗೆದರು. ಅವ್ವನ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವಳು ಉಳಿದ ಹಲಗೆಗಳನ್ನು ತಾನೇ ಒಳಗೆ ತಂದಿಟ್ಟಳು. ಈಗಲೂ ಅವುಗಳ ಮುಂದೆ ಹಾಯುವಾಗ ಕಣ್ಣು ಬೇರೆ ಕಡೆ ಮಾಡುತ್ತಾಳೆ, ಇರಲಿ. ದಸರಾ ರಜೆ ಮುಗಿದ ದಿನವೇ ಶಾಲೆಗೆ ಹೋದೆ. ಮಕ್ಕಳು ಗಕ್ಕನೆ ನೋಡಿದವು, ಒಂದು ಗಳಿಗೆ ನೋಡಿದವು, ಆಮೇಲೆ ಪೆನ್ಸಿಲ್ ಚೂಪು ಮಾಡತೊಡಗಿದವು. ಮಹಾದೇವಕ್ಕ ಹೇಳಿದ್ದು ಸರಿಯಾಗಿತ್ತು. ಈಗ ಮೊಟ್ಟೆ ಬರೆಸುತ್ತೇನೆ, ನಡುಗೆರೆ ಎಳೆಸುವುದಿಲ್ಲ. ಮುಖ ಪೂರ್ತಿ ಸರಿಹೋಗಿಲ್ಲ. ದಣಿದಾಗ ತುಟಿ ಜಾರುತ್ತದೆ, ಫೋಟೋದಲ್ಲಿ ಸೊಟ್ಟಗೆ ಬರುತ್ತದೆ. ಕನ್ನಡಿ ಒಮ್ಮೊಮ್ಮೆ ಇನ್ನೂ ಬೆಚ್ಚಿಬೀಳಿಸುತ್ತದೆ. ಇದನ್ನು ಓದುತ್ತಿರುವ ಯಾರಾದರೂ ಮುಖ ಮುಚ್ಚಿಕೊಂಡು ಕುಳಿತಿದ್ದರೆ ಅವರಿಗೆ ನಾನು ಹೇಳಬಹುದಾದದ್ದು ಬಹಳವಿಲ್ಲ. ಆ ಮಧ್ಯಾಹ್ನ ಆಮೇಲೆ ಏನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ಅಪ್ಪ ಕೈ ತೊಳೆದು ಬುತ್ತಿ ತಂದ. ಗೋಡೆಯ ನೆರಳಿನಲ್ಲಿ ಕುಳಿತು ಬಿಚ್ಚಿದ. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಒಂದು ರೊಟ್ಟಿ ಮುರಿದು ನನಗೆ ಕೊಟ್ಟ. ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದೆ. ಅದು ಅವನೇ ಅವತ್ತು ಗಿಲಾವು ಮಾಡಿದ ಗೋಡೆ, ಇನ್ನೂ ಹಸಿ ಇತ್ತು. ಮತ್ತೆ ಈಚೆ ತಿರುಗಿ ಅವನ ಎದುರಿಗೆ ಕುಳಿತೆ. ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದೆ. ಝುಣಕ ತುಟಿಯಿಂದ ಉದುರಿತು. ಅಪ್ಪ ಉಣ್ಣುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಯಾರಿಗೆ ಕಣ್ಣ ಹೊಡ್ಯಾಕತ್ತೀ?" ಎಂದ.

"ಏನು?"

"ಎಡಗಣ್ಣ. ಅಗದಾಗೊಮ್ಮೆ ಮುಚ್ಚಾಕತ್ತೈತಿ ನೋಡು."

ತುತ್ತು ಬಾಯಲ್ಲೇ ನಿಂತಿತು. ಆರು ತಿಂಗಳು ಪಟ್ಟಿ ಅಂಟಿಸಿ ಮಲಗಿಸಿದ ಕಣ್ಣು ಅದು, ಎಷ್ಟು ಹೇಳಿದರೂ ಪೂರ್ತಿ ಮುಚ್ಚದ್ದು. ಬೆರಳು ಹಚ್ಚಿ ನೋಡಿಕೊಂಡು ಮೆಲ್ಲಗೆ ಅಗಿದೆ. ರೆಪ್ಪೆ ಇಳಿದು ಬೆರಳಿಗೆ ತಾಗಿತು. ಎಷ್ಟು ದಿನದಿಂದ ಹೀಗೆ ಮುಚ್ಚುತ್ತಿತ್ತೋ, ಗೋಡೆಯ ಕಡೆ ಕುಳಿತವಳಿಗೆ ಯಾರು ಹೇಳಬೇಕು? ನಾನು ಅಳತೊಡಗಿದೆ. ಅಪ್ಪ ಇನ್ನೊಂದು ರೊಟ್ಟಿ ಮುರಿದು ನನ್ನ ಕೈಗಿಟ್ಟು, "ಉಣ್ಣು, ನೋಡೂಣು" ಎಂದ.